ಎರಡನೆಯ ಹೆಸರಿನ ಪರೀಕ್ಷೆ

1952ರ ಸೆಪ್ಟೆಂಬರ್ 23ರ ಸಂಜೆ. ಹಾಲಿವುಡ್‌ನ ಎಲ್ ಕ್ಯಾಪಿಟನ್ ರಂಗಮಂದಿರದಲ್ಲಿ ಸಾಲು ಸಾಲು ಕುರ್ಚಿಗಳೆಲ್ಲ ಖಾಲಿ. ವೇದಿಕೆಯ ಮೇಲೆ ಒಂದು ಮೇಜು, ಒಂದು ಪುಸ್ತಕದ ಕಪಾಟು, ಪಕ್ಕದಲ್ಲಿ ಒಂದು ಆರಾಮ ಕುರ್ಚಿ. ಕುರ್ಚಿಯಲ್ಲಿ ಕುಳಿತವರು ಪ್ಯಾಟ್ ನಿಕ್ಸನ್. ಮೇಜಿನ ಹಿಂದೆ ಕುಳಿತವರು ಅವರ ಪತಿ, 39 ವರ್ಷದ ಸೆನೆಟರ್ ರಿಚರ್ಡ್ ನಿಕ್ಸನ್. ಎದುರಿಗಿದ್ದದ್ದು ಟೆಲಿವಿಷನ್ ಕ್ಯಾಮೆರಾ ಮಾತ್ರ. ಅದರ ಆಚೆ ಆರು ಕೋಟಿಯಷ್ಟು ಅಮೆರಿಕನ್ನರು ಕಾದಿದ್ದರೆಂದು ಅಂದಾಜು.

ಐದು ದಿನಗಳ ಹಿಂದೆ ‘ನ್ಯೂಯಾರ್ಕ್ ಪೋಸ್ಟ್’ ಪತ್ರಿಕೆ ಒಂದು ಸುದ್ದಿ ಸಿಡಿಸಿತ್ತು. ಕ್ಯಾಲಿಫೋರ್ನಿಯಾದ ಕೆಲವು ಹಣವಂತರು ಸೇರಿ ನಿಕ್ಸನ್‌ಗಾಗಿ 18 ಸಾವಿರ ಡಾಲರಿಗೂ ಹೆಚ್ಚಿನ ನಿಧಿಯೊಂದನ್ನು ಕೂಡಿಸಿದ್ದಾರೆ, ಅದು ಗುಟ್ಟಿನ ನಿಧಿ ಎಂಬುದು ಆರೋಪ. ನಿಕ್ಸನ್ ಆಗ ರಿಪಬ್ಲಿಕನ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ. ಅಧ್ಯಕ್ಷ ಅಭ್ಯರ್ಥಿ ಎರಡನೆಯ ಮಹಾಯುದ್ಧದ ದಂಡನಾಯಕ ಐಸೆನ್‌ಹೋವರ್. ವಾಷಿಂಗ್ಟನ್ನಿನ ಭ್ರಷ್ಟಾಚಾರವನ್ನು ತೊಳೆದುಹಾಕುತ್ತೇವೆ ಎಂದೇ ಆ ಜೋಡಿ ಮತ ಕೇಳುತ್ತಿತ್ತು. ತೊಳೆಯಲು ಹೊರಟವರ ಕೈಯೇ ಕೊಳೆಯಾಗಿದ್ದರೆ ಹೇಗೆ? ರಿಪಬ್ಲಿಕನ್ ಪರವಾದ ಪತ್ರಿಕೆಗಳೇ ನಿಕ್ಸನ್ ಹೊರಹೋಗಲಿ ಎಂದು ಬರೆದವು. ಜನರಲ್ ಸಾಹೇಬರು ಮಾತ್ರ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ಪ್ರಸಾರಕ್ಕೆ ಸ್ವಲ್ಪ ಮುಂಚೆ ಫೋನು ಬಂತು. ಆ ಕಡೆ ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ. ಭಾಷಣದ ಕೊನೆಗೆ ರಾಜೀನಾಮೆ ಘೋಷಿಸುವುದು ಒಳ್ಳೆಯದೆಂದು ಐಸೆನ್‌ಹೋವರರ ಸಲಹೆಗಾರರು ಅಭಿಪ್ರಾಯಪಟ್ಟಿದ್ದಾರೆ ಎಂಬುದು ಸಂದೇಶ. ನಿಕ್ಸನ್ ಏನು ಮಾಡುವೆನೆಂದು ಹೇಳದೆ ಫೋನಿಟ್ಟರು.

ಆ ಮೇಲಿನ ಅರ್ಧ ಗಂಟೆ ಅಮೆರಿಕದ ರಾಜಕೀಯ ಇತಿಹಾಸದಲ್ಲಿ ಈಗಲೂ ಪಾಠದಂತೆ ಓದಿಸಲ್ಪಡುತ್ತದೆ. ನಿಧಿಯ ಹಣ ತಮ್ಮ ಸ್ವಂತಕ್ಕೆ ಬಳಕೆಯಾಗಿಲ್ಲ, ಪ್ರವಾಸ ಮತ್ತು ಅಂಚೆಯಂಥ ರಾಜಕೀಯ ಖರ್ಚಿಗೆ ಹೋಗಿದೆ ಎಂದರು. ಲೆಕ್ಕಪರಿಶೋಧಕರ ವರದಿಯನ್ನು ಮುಂದಿಟ್ಟರು. ಬಳಿಕ ಯಾವ ರಾಜಕಾರಣಿಯೂ ಅಲ್ಲಿಯವರೆಗೆ ಮಾಡಿರದ ಕೆಲಸಕ್ಕೆ ಕೈಹಾಕಿದರು: ಮನೆಯ ಲೆಕ್ಕವನ್ನು ಬಿಚ್ಚಿದರು. ಹಳೆಯ ಕಾರು, ಮನೆಯ ಮೇಲಿನ ಸಾಲ, ಹೆತ್ತವರಿಂದ ಪಡೆದ ಕೈಸಾಲ. ಹೆಂಡತಿಗೆ ತುಪ್ಪುಳದ ಮಿಂಕ್ ಕೋಟಿಲ್ಲ, ಇರುವುದು ಮರ್ಯಾದಸ್ಥ ರಿಪಬ್ಲಿಕನ್ ಬಟ್ಟೆಕೋಟು ಎಂದರು. ಟೆಕ್ಸಾಸ್‌ನ ಅಭಿಮಾನಿಯೊಬ್ಬರು ಕಳಿಸಿದ ಕಪ್ಪು ಬಿಳುಪು ಮಚ್ಚೆಯ ನಾಯಿಮರಿಯನ್ನಂತೂ ಯಾರು ಏನೆಂದರೂ ಹಿಂದಿರುಗಿಸುವುದಿಲ್ಲ, ಮಕ್ಕಳಿಗೆ ಅದರ ಮೇಲೆ ಪ್ರೀತಿ ಎಂದರು. ಆರು ವರ್ಷದ ಮಗಳು ಅದಕ್ಕಿಟ್ಟ ಹೆಸರು ಚೆಕರ್ಸ್. ಭಾಷಣಕ್ಕೂ ಅದೇ ಹೆಸರು ನಿಂತಿತು.

ನಾಯಿಮರಿಯ ಮಾತು ಎಲ್ಲರಿಗೂ ನೆನಪಿದೆ. ಆದರೆ ಭಾಷಣದಲ್ಲಿ ಗಮನಿಸಬೇಕಾದ ಜಾಗಗಳು ಬೇರೆ ಇವೆ. ಡೆಮಾಕ್ರಟಿಕ್ ಅಭ್ಯರ್ಥಿ ಸ್ಟೀವನ್‌ಸನ್ ಅವರಿಗೂ ಇಂಥದೇ ನಿಧಿಯಿತ್ತು. ಆದ್ದರಿಂದ ಎದುರಾಳಿ ಅಭ್ಯರ್ಥಿಗಳೂ ತಮ್ಮಂತೆಯೇ ಲೆಕ್ಕ ಕೊಡಲಿ, ಕೊಡದಿದ್ದರೆ ಬಚ್ಚಿಡುವುದು ಏನೋ ಇದೆ ಎಂದೇ ಅರ್ಥ ಎಂದು ನಿಕ್ಸನ್ ಹೇಳಿದರು. ಎದುರಾಳಿಗಳೆಲ್ಲ ಲೆಕ್ಕ ಕೊಟ್ಟರೆ ಐಸೆನ್‌ಹೋವರ್ ಒಬ್ಬರೇ ಸುಮ್ಮನಿರಲಾದೀತೆ? ಕ್ಲೀವ್‌ಲ್ಯಾಂಡಿನಲ್ಲಿ ಟಿವಿ ನೋಡುತ್ತಿದ್ದ ಜನರಲ್ ಆ ಮಾತು ಬಂದಾಗ ಕೈಯಲ್ಲಿದ್ದ ಪೆನ್ಸಿಲನ್ನು ಕಾಗದಕ್ಕೆ ಚುಚ್ಚಿದರೆಂದು ಜೊತೆಗಿದ್ದವರು ಬರೆದಿದ್ದಾರೆ. ಇನ್ನೊಂದು ಜಾಗ ಭಾಷಣದ ಕೊನೆ. ತಾನು ಇರಬೇಕೋ ಹೋಗಬೇಕೋ ಎಂದು ತಂತಿ ಕಳಿಸಿ, ಪತ್ರ ಬರೆಯಿರಿ ಎಂದು ನಿಕ್ಸನ್ ಜನರನ್ನು ಕೇಳಿಕೊಂಡರು. ಬರೆಯಬೇಕಾದದ್ದು ಐಸೆನ್‌ಹೋವರರಿಗಲ್ಲ, ಪಕ್ಷದ ರಾಷ್ಟ್ರೀಯ ಸಮಿತಿಗೆ. ತೀರ್ಮಾನ ತಲೆಯಾಳಿನ ಕೈಯಿಂದ ಸದ್ದಿಲ್ಲದೆ ಜಾರಿಹೋಗಿತ್ತು. ವಿಳಾಸ ಹೇಳುವ ಮೊದಲೇ ಸಮಯ ಮುಗಿಯಿತು. ಕೆಲಸ ಕೆಟ್ಟಿತೆಂದೇ ನಿಕ್ಸನ್ ಭಾವಿಸಿದ್ದರು. ಆದರೆ ತಂತಿಗಳು ಪ್ರವಾಹದಂತೆ ಬಂದವು. ಮರುದಿನ ಪಶ್ಚಿಮ ವರ್ಜೀನಿಯಾದ ವ್ಹೀಲಿಂಗ್ ವಿಮಾನ ನಿಲ್ದಾಣದಲ್ಲಿ ಜನರಲ್ ಬಂದು ನಿಕ್ಸನ್‌ರನ್ನು ನೀನು ನನ್ನ ಹುಡುಗ ಎಂದು ಅಪ್ಪಿಕೊಂಡರು.

ಆ ಒಂದು ಸಂಜೆಯಲ್ಲಿ ಮುಂದಿನ ನಿಕ್ಸನ್ ಎಷ್ಟು ಕಾಣಿಸಿದ್ದರು? ಇಕ್ಕಟ್ಟಿನಲ್ಲಿ ಹೆದರದ ಎದೆಗಾರಿಕೆ ಕಾಣಿಸಿತ್ತು. ಪತ್ರಿಕೆಗಳನ್ನು, ಪಕ್ಷದ ಹಿರಿಯರನ್ನು ದಾಟಿ ನೇರ ಜನರ ಮನೆಯೊಳಕ್ಕೆ ನುಗ್ಗುವ ಜಾಣ್ಮೆ ಕಾಣಿಸಿತ್ತು. ತನ್ನ ಮೇಲಿನ ಪ್ರಶ್ನೆಯನ್ನು ಇತರರ ಮೇಲೆ ತಿರುಗಿಸುವ ಕಲೆಯೂ ಕಾಣಿಸಿತ್ತು. 1974ರ ಏಪ್ರಿಲ್ 29ರಂದು, ವಾಟರ್‌ಗೇಟ್ ಹಗರಣ ಕುತ್ತಿಗೆಗೆ ಬಂದಾಗ, ಅಧ್ಯಕ್ಷ ನಿಕ್ಸನ್ ಮತ್ತೆ ಟೆಲಿವಿಷನ್ ಮುಂದೆ ಕುಳಿತರು. ಪಕ್ಕದಲ್ಲಿ ಈ ಬಾರಿ ನಾಯಿಮರಿಯ ಕಥೆಯ ಬದಲು, ಶ್ವೇತಭವನದ ಧ್ವನಿಮುದ್ರಿಕೆಗಳ ಬರಹರೂಪದ ಕಡತಗಳ ರಾಶಿ. ಎಲ್ಲವನ್ನೂ ಬಿಚ್ಚಿಡುತ್ತಿದ್ದೇನೆ ಎಂಬುದೇ ವಾದ. ಆದರೆ ಆ ಬರಹವನ್ನು ತಿದ್ದಿ ತೀಡಿದವರು ಶ್ವೇತಭವನದವರೇ. ಮೂಲ ಮುದ್ರಿಕೆಗಳನ್ನೇ ಒಪ್ಪಿಸಬೇಕೆಂದು ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು, ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು. 1952ರ ಉಪಾಯವನ್ನೇ 1974ರಲ್ಲೂ ಹೂಡಿದ್ದರು. ಮೊದಲ ಸಲ ಲೆಕ್ಕ ಸರಿಯಿತ್ತು, ಎರಡನೆಯ ಸಲ ಇರಲಿಲ್ಲ.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಅಮೆರಿಕದ ಚುನಾವಣೆಯ ಒಂದು ವಿಚಿತ್ರ. ಅಲ್ಲಿ ಉಪಾಧ್ಯಕ್ಷನಿಗೆ ಪ್ರತ್ಯೇಕ ಮತ ಹಾಕುವಂತಿಲ್ಲ. ಮತಪತ್ರದಲ್ಲಿ ಇಬ್ಬರ ಹೆಸರೂ ಜೋಡಿಯಾಗಿಯೇ ಬರುತ್ತವೆ; ಒಂದನ್ನು ಒಪ್ಪಿದರೆ ಎರಡನ್ನೂ ಒಪ್ಪಿದಂತೆ. ಎರಡನೆಯ ಹೆಸರಿನವರನ್ನು ‘ರನ್ನಿಂಗ್ ಮೇಟ್’ ಎನ್ನುತ್ತಾರೆ. ಕುದುರೆ ಜೂಜಿನ ಮಾತು ಅದು. ಲಾಯದ ಮುಖ್ಯ ಕುದುರೆಗೆ ವೇಗ ಹಿಡಿಸಲು ಜೊತೆಗೆ ಓಡಿಸುವ ಇನ್ನೊಂದು ಕುದುರೆಗೆ ಆ ಹೆಸರಿತ್ತು. ಗೆಲ್ಲುವುದು ಅದರ ಕೆಲಸವಲ್ಲ. ಆದರೂ ಇದುವರೆಗೆ ಅಧ್ಯಕ್ಷರ ಮರಣದಿಂದ ಎಂಟು ಮಂದಿ, ರಾಜೀನಾಮೆಯಿಂದ ಒಬ್ಬರು, ಹೀಗೆ ಒಂಬತ್ತು ಉಪಾಧ್ಯಕ್ಷರು ಹೊಸ ಚುನಾವಣೆಯಿಲ್ಲದೆ ಅಧ್ಯಕ್ಷ ಪೀಠಕ್ಕೇರಿದ್ದಾರೆ.

ನಮ್ಮಲ್ಲಿ ವ್ಯವಸ್ಥೆ ಬೇರೆ. ಉಪರಾಷ್ಟ್ರಪತಿಯನ್ನು ಸಂಸತ್ ಸದಸ್ಯರು ಪ್ರತ್ಯೇಕವಾಗಿ ಆರಿಸುತ್ತಾರೆ. ರಾಷ್ಟ್ರಪತಿ ತೀರಿಕೊಂಡರೆ ಅವರು ಹಂಗಾಮಿಯಾಗಿರುತ್ತಾರೆಯೇ ಹೊರತು ಉಳಿದ ಅವಧಿಗೆ ವಾರಸುದಾರರಾಗುವುದಿಲ್ಲ. 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ನಮ್ಮವರೇ ಆದ ಬಿ.ಡಿ. ಜತ್ತಿಯವರು ಜುಲೈವರೆಗೆ ಹಾಗೆ ಕಾರ್ಯನಿರ್ವಹಿಸಿದರು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಜನತಾ ಸರ್ಕಾರದ ಕಡತಕ್ಕೆ ಸಹಿ ಹಾಕಲು ಅವರು ತಡಮಾಡಿದ್ದಕ್ಕೇ ದೆಹಲಿಯಲ್ಲಿ ದೊಡ್ಡ ಗದ್ದಲವಾಗಿತ್ತು. ಅಮೆರಿಕದಲ್ಲಿ ಬರುವುದು ಹಂಗಾಮಿ ಕುರ್ಚಿಯಲ್ಲ, ಇಡೀ ಅಧಿಕಾರ. ಹಾಗಾಗಿ ಎರಡನೆಯ ಹೆಸರಿನ ಅಭ್ಯರ್ಥಿ ಪ್ರಚಾರದ ಎರಡು ಮೂರು ತಿಂಗಳಲ್ಲಿ ಹೇಗೆ ನಡೆದುಕೊಂಡರೆಂಬುದನ್ನೇ ನೋಡಿ ಮತದಾರ ಒಬ್ಬ ಅಧ್ಯಕ್ಷನನ್ನು ಅಳೆಯಬೇಕಾಗುತ್ತದೆ.

ಈ ಅಳತೆ ಮೋಸ ಮಾಡುವುದೂ ಉಂಟು. 1920ರಲ್ಲಿ ಡೆಮಾಕ್ರಟಿಕ್ ಪಕ್ಷ ಜೇಮ್ಸ್ ಕಾಕ್ಸ್ ಅವರ ಜೊತೆಗೆ 38 ವರ್ಷದ ಒಬ್ಬ ಸುಂದರಾಂಗನನ್ನು ನಿಲ್ಲಿಸಿತು. ಹೆಸರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಮೊಂಟಾನಾದ ಒಂದು ಸಭೆಯಲ್ಲಿ ಅವರು ಹೈಟಿ ದೇಶದ ಸಂವಿಧಾನವನ್ನು ತಾನೇ ಬರೆದದ್ದೆಂದು ಜಂಬ ಕೊಚ್ಚಿದರು. ಅಮೆರಿಕದ ಸೇನೆ ಆಗ ಹೈಟಿಯನ್ನು ಹಿಡಿದಿಟ್ಟುಕೊಂಡಿತ್ತು. ಎದುರಾಳಿಗಳು ಹಿಡಿದುಕೊಂಡಾಗ ಹಾಗೆ ಹೇಳಿಯೇ ಇಲ್ಲ ಎಂದುಬಿಟ್ಟರು. ಅಂದಿನ ಮತದಾರ ಇವನೊಬ್ಬ ಹಗುರ ಮನುಷ್ಯ ಎಂದುಕೊಂಡಿದ್ದರೆ ತಪ್ಪೇನೂ ಇರಲಿಲ್ಲ. ಕಾಕ್ಸ್ ಜೋಡಿ ಹೀನಾಯವಾಗಿ ಸೋತಿತು. ಮರುವರ್ಷ ಪೋಲಿಯೊ ಆ ಸುಂದರಾಂಗನ ಕಾಲುಗಳನ್ನು ಕಿತ್ತುಕೊಂಡಿತು. 1933ರಲ್ಲಿ ಅಧ್ಯಕ್ಷರಾದವರು ಅದೇ ಮನುಷ್ಯ ಎನ್ನುವುದು ಕಷ್ಟ.

ಅದೇ ರೂಸ್‌ವೆಲ್ಟ್ 1944ರಲ್ಲಿ ನಾಲ್ಕನೆಯ ಬಾರಿ ಸ್ಪರ್ಧಿಸಿದಾಗ ಅವರ ದೇಹ ಸೋತಿತ್ತು. ಪಕ್ಷದ ಒಳಗಿನವರಿಗೆಲ್ಲ ಗೊತ್ತಿದ್ದ ಗುಟ್ಟು ಅದು: ಈ ಸಲ ಆರಿಸುತ್ತಿರುವುದು ಇಬ್ಬರು ಅಧ್ಯಕ್ಷರನ್ನು. ಆಗಿನ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಅವರನ್ನು ಪಕ್ಷದ ಧಣಿಗಳು ಒಲ್ಲೆವೆಂದರು. ಷಿಕಾಗೊ ಅಧಿವೇಶನಕ್ಕೆ ಬಂದ ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಆ ಸ್ಥಾನಕ್ಕೆ ಜೇಮ್ಸ್ ಬರ್ನ್ಸ್ ಎಂಬ ಇನ್ನೊಬ್ಬರ ಹೆಸರನ್ನು ಸೂಚಿಸಲು ಒಪ್ಪಿಕೊಂಡು ಬಂದಿದ್ದರು. ಕಡೆಗೆ ಹೋಟೆಲಿನ ಕೋಣೆಯೊಂದರಲ್ಲಿ ರೂಸ್‌ವೆಲ್ಟರ ಫೋನಿನ ದನಿಯನ್ನು ಕೇಳಿಸಿ ಅವರನ್ನು ಒಪ್ಪಿಸಬೇಕಾಯಿತು. ಯುದ್ಧದ ನಡುವೆ ಪಕ್ಷ ಒಡೆಯುವುದು ಅವನಿಗಿಷ್ಟವಾದರೆ ಹೊಣೆ ಅವನದೇ ಎಂಬುದು ಅಧ್ಯಕ್ಷರ ಮಾತಿನ ತಾತ್ಪರ್ಯ.

ಟ್ರೂಮನ್‌ರ ಪ್ರಚಾರ ಭಾಷಣಗಳು ಇಂದು ಯಾರಿಗೂ ನೆನಪಿಲ್ಲ. ಅವರನ್ನು ಅಳೆಯಲು ಬೇರೆ ಸಂಗತಿಗಳಿವೆ. 1941ರಿಂದ ಅವರು ಯುದ್ಧದ ಖರ್ಚು ತಪಾಸಣೆ ಮಾಡುವ ಸೆನೆಟ್ ಸಮಿತಿಯ ಅಧ್ಯಕ್ಷರಾಗಿದ್ದರು. 1943ರಲ್ಲಿ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫೋರ್ಡ್ ಎಂಬಲ್ಲಿ ಏನೋ ಭಾರಿ ಕಾರ್ಖಾನೆ ಏಳುತ್ತಿದೆ, ಹಣ ನೀರಿನಂತೆ ಹರಿಯುತ್ತಿದೆ ಎಂದು ಸಮಿತಿ ಕೇಳತೊಡಗಿತು. ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಫೋನು ಮಾಡಿ, ಇದು ಅತ್ಯಂತ ಗುಟ್ಟಿನ ಕೆಲಸ, ದಯವಿಟ್ಟು ಕೇಳಬೇಡಿ ಎಂದರು. ಟ್ರೂಮನ್ ಸರಿ ಎಂದರು. ಅದು ಅಣುಬಾಂಬಿನ ಪ್ಲುಟೋನಿಯಂ ತಯಾರಿಸುವ ಸ್ಥಾವರ. ಅದನ್ನು ಕೆದಕಿದ್ದರೆ ಅವರ ಹೆಸರು ದೇಶದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿತ್ತು.

1944ರ ಆಗಸ್ಟ್ 18ರಂದು ಶ್ವೇತಭವನದ ಅಂಗಳದಲ್ಲಿ ಮರದ ನೆರಳಿನಲ್ಲಿ ಅಧ್ಯಕ್ಷರು ತಮ್ಮ ಹೊಸ ಜೊತೆಗಾರನಿಗೆ ಊಟ ಹಾಕಿದರು. ಕಾಫಿಗೆ ಕೆನೆ ಹಾಕುವಾಗ ರೂಸ್‌ವೆಲ್ಟರ ಕೈ ನಡುಗಿ, ಕೆನೆ ಬಟ್ಟಲಿಗಿಂತ ತಟ್ಟೆಗೇ ಹೆಚ್ಚು ಬಿದ್ದದ್ದನ್ನು ಟ್ರೂಮನ್ ಕಂಡರು. ಹೊರಗೆ ಕಾದಿದ್ದ ವರದಿಗಾರರಿಗೆ ಅಧ್ಯಕ್ಷರು ಗಟ್ಟಿಮುಟ್ಟಾಗಿದ್ದಾರೆ, ಚೆನ್ನಾಗಿ ಉಂಡರು ಎಂದು ಹೇಳಿದರು. ಕಂಡದ್ದನ್ನು ಹೇಳಿದ್ದು ಆಪ್ತರಾದ ಒಬ್ಬಿಬ್ಬರಿಗೆ ಮಾತ್ರ. ಇದು ನಿಷ್ಠೆಯೋ, ಮತದಾರರಿಗೆ ಮಾಡಿದ ವಂಚನೆಯೋ? ಎರಡೂ ಹೌದೆನ್ನಬೇಕು. ಮಡಿಯ ಮನುಷ್ಯನಾಗಿದ್ದರೆ ಟ್ರೂಮನ್ ಆ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಮಡಿಯ ಮನುಷ್ಯನನ್ನು ಯಾವ ಪಕ್ಷವೂ ಆ ಜಾಗಕ್ಕೆ ಕರೆಯುವುದಿಲ್ಲ.

ಅದಕ್ಕಿಂತಲೂ ಹೆಚ್ಚು ಹೇಳುವುದು ಇನ್ನೊಂದು ಪ್ರಸಂಗ. ಟ್ರೂಮನ್‌ರನ್ನು ರಾಜಕೀಯಕ್ಕೆ ತಂದವನು ಕ್ಯಾನ್ಸಸ್ ಸಿಟಿಯ ಧಣಿ ಟಾಮ್ ಪೆಂಡರ್‌ಗಾಸ್ಟ್. ತೆರಿಗೆ ವಂಚನೆಗಾಗಿ 1939ರಲ್ಲಿ ಜೈಲಿಗೆ ಹೋಗಿ ಬಂದವನು. 1945ರ ಜನವರಿ 26ರಂದು ಆತ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿ ಆರೇ ದಿನವಾಗಿತ್ತು. ಸೇನಾ ವಿಮಾನ ಹತ್ತಿ ಅಂತ್ಯಕ್ರಿಯೆಗೆ ಹೋದರು. ಪತ್ರಿಕೆಗಳು ಛೀಮಾರಿ ಹಾಕಿದವು. ಅವನು ನನ್ನ ಸ್ನೇಹಿತ, ನಾನು ಅವನ ಸ್ನೇಹಿತ ಎಂಬುದಷ್ಟೇ ಅವರ ಉತ್ತರ. ಉಂಡ ಮನೆಯ ಜಂತೆ ಎಣಿಸುವ ಪೈಕಿ ಅವರಲ್ಲ.

ಈ ಗುಣವೇ ಶ್ವೇತಭವನಕ್ಕೂ ಹೋಯಿತು. ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಟ್ರೂಮನ್ ಉಪಾಧ್ಯಕ್ಷರಾಗಿದ್ದದ್ದು ಕೇವಲ 82 ದಿನ. ಕೇಳಬೇಡಿ ಎಂದಿದ್ದ ಗುಟ್ಟನ್ನು ಅದೇ ಸ್ಟಿಮ್ಸನ್ ಅಂದು ರಾತ್ರಿ ಸೂಚನೆಯಾಗಿ, ಏಪ್ರಿಲ್ 25ರಂದು ಪೂರ್ತಿಯಾಗಿ ಅವರ ಮುಂದೆ ಬಿಚ್ಚಿಟ್ಟರು. ಮೂರೂವರೆ ತಿಂಗಳಲ್ಲಿ ಹಿರೋಷಿಮಾ ಉರಿದುಹೋಯಿತು. ಇಷ್ಟು ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಕಾದವನನ್ನು ಉಪಾಧ್ಯಕ್ಷನಾಗಿದ್ದಾಗ ಕತ್ತಲಲ್ಲಿಟ್ಟದ್ದು ಯಾರ ತಪ್ಪು ಎಂದರೆ ಅದು ಎರಡನೆಯವನದಲ್ಲ, ಮೊದಲನೆಯವರದು. ಇನ್ನು ಸ್ನೇಹಿತರನ್ನು ಬಿಟ್ಟುಕೊಡದ ಸ್ವಭಾವ ಟ್ರೂಮನ್‌ಗೆ ದುಬಾರಿಯಾಯಿತು. ಸಹಾಯಕರ ಮೇಲೆ ಆರೋಪಗಳು ಬಂದಾಗಲೂ ಅವರನ್ನು ಕೈಬಿಡಲಿಲ್ಲ. ಶ್ವೇತಭವನದ ಸಿಬ್ಬಂದಿಯೊಬ್ಬರಿಗೆ ಸಂದ ಮಿಂಕ್ ಕೋಟು ಆ ಸರ್ಕಾರದ ಭ್ರಷ್ಟತೆಯ ಗುರುತಾಗಿಬಿಟ್ಟಿತು. 1952ರಲ್ಲಿ ನಿಕ್ಸನ್ ಹೆಂಡತಿಯ ಬಟ್ಟೆಕೋಟಿನ ಮಾತೆತ್ತಿದ್ದು ಸುಮ್ಮನೆ ಅಲ್ಲ.

ಅಂದಮೇಲೆ ನಿಕ್ಸನ್‌ಗೂ ನ್ಯಾಯ ಸಲ್ಲಬೇಕು. 1955ರ ಸೆಪ್ಟೆಂಬರಿನಲ್ಲಿ ಐಸೆನ್‌ಹೋವರರಿಗೆ ಡೆನ್ವರ್‌ನಲ್ಲಿ ಹೃದಯಾಘಾತವಾದಾಗ ಉಪಾಧ್ಯಕ್ಷ ನಿಕ್ಸನ್ ವಾರಗಟ್ಟಲೆ ಸಂಪುಟ ಸಭೆಗಳನ್ನು ನಡೆಸಿದರು. ಅಧ್ಯಕ್ಷರ ಕುರ್ಚಿಯಲ್ಲಿ ಒಮ್ಮೆಯೂ ಕೂರಲಿಲ್ಲ, ತಮ್ಮ ಕುರ್ಚಿಯಲ್ಲೇ ಕುಳಿತರು. ಚೆಕರ್ಸ್ ಭಾಷಣ ಮಾತ್ರ ನೋಡಿದವರು ಈ ಸಂಯಮವನ್ನು ಊಹಿಸಲಾರರು. ಆದರೂ 1952ರ ಪೆನ್ಸಿಲ್ ಚುಚ್ಚಿದ ಗುರುತು ಮಾಸಲಿಲ್ಲವೇನೋ. 1960ರ ಆಗಸ್ಟಿನಲ್ಲಿ, ನಿಕ್ಸನ್ ಅಧ್ಯಕ್ಷ ಅಭ್ಯರ್ಥಿಯಾಗಿದ್ದಾಗ, ಅವರು ಕೊಟ್ಟ ಮುಖ್ಯ ಸಲಹೆ ಯಾವುದನ್ನು ಒಪ್ಪಿದ್ದಿರಿ ಎಂದು ಪತ್ರಕರ್ತರೊಬ್ಬರು ಐಸೆನ್‌ಹೋವರರನ್ನು ಕೇಳಿದರು. ಒಂದು ವಾರ ಕೊಟ್ಟರೆ ನೆನಪಾದೀತು ಎಂಬರ್ಥದ ಉತ್ತರ ಬಂತು! ಆ ವರ್ಷ ನಿಕ್ಸನ್ ಕೆನಡಿಯವರ ಎದುರು ಕೂದಲೆಳೆಯಷ್ಟರಲ್ಲಿ ಸೋತರು.

ಕೆಲವೊಮ್ಮೆ ಎರಡನೆಯವನ ಪರೀಕ್ಷೆಯಲ್ಲಿ ಮೊದಲನೆಯವನೇ ಫೇಲಾಗುತ್ತಾನೆ. 1972ರ ಜುಲೈನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್, ಎಡ್ವರ್ಡ್ ಕೆನಡಿ ಮೊದಲಾದವರು ಒಲ್ಲೆನೆಂದ ಮೇಲೆ, ಅಧಿವೇಶನದ ಗಡುವು ಮುಗಿಯುವ ಹೊತ್ತಿಗೆ ಮಿಸೌರಿಯ ಸೆನೆಟರ್ ಥಾಮಸ್ ಈಗಲ್‌ಟನ್ ಅವರನ್ನು ಫೋನಿನಲ್ಲೇ ಗೊತ್ತುಮಾಡಿದರು. ಹಿಂದಿನ ಬದುಕಿನಲ್ಲಿ ತೊಂದರೆಯಾಗುವಂಥದ್ದೇನಾದರೂ ಇದೆಯೇ ಎಂದು ಸಹಾಯಕರು ಕೇಳಿದರು. ಇಲ್ಲ ಎಂದರು ಈಗಲ್‌ಟನ್. ನಮ್ಮಲ್ಲಿ ಹುಡುಗಿ ನೋಡುವ ಶಾಸ್ತ್ರಕ್ಕೂ ಇದಕ್ಕಿಂತ ಹೆಚ್ಚು ವಿಚಾರಣೆ ನಡೆಯುತ್ತದೆ. 1960, 1964 ಮತ್ತು 1966ರಲ್ಲಿ ಅವರು ಖಿನ್ನತೆಗಾಗಿ ಆಸ್ಪತ್ರೆ ಸೇರಿದ್ದರು, ಎರಡು ಬಾರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದರು.

ಪತ್ರಿಕೆಗಳಿಗೆ ಸುಳಿವು ಸಿಕ್ಕಾಗ ಜುಲೈ 25ರಂದು ಈಗಲ್‌ಟನ್ ತಾವೇ ಎಲ್ಲವನ್ನೂ ಹೇಳಿಕೊಂಡರು. ಮೆಕ್‌ಗವರ್ನ್ ಅವರಿಗೆ ಅತ್ತ ದರಿ, ಇತ್ತ ಪುಲಿ. ಅವರು ಜೊತೆಗಾರನನ್ನು ಶೇಕಡಾ ಸಾವಿರದಷ್ಟು ಬೆಂಬಲಿಸುವುದಾಗಿ ಸಾರಿದರು. ಅದರ ಹಿಂದೆಯೇ ಅವರ ಕಡೆಯವರು ಈಗಲ್‌ಟನ್ ಹೋದರೆ ಒಳಿತು ಎಂದು ಪತ್ರಕರ್ತರ ಕಿವಿಯಲ್ಲಿ ಊದತೊಡಗಿದರು. ಅತ್ತ ಈಗಲ್‌ಟನ್ ಪಶ್ಚಿಮದ ರಾಜ್ಯಗಳಲ್ಲಿ ಸಭೆಯಿಂದ ಸಭೆಗೆ ಹೋಗುತ್ತ, ಎಲ್ಲರೆದುರು ಬೆವರೊರೆಸಿಕೊಳ್ಳುತ್ತ, ಕೇಳಿದ ಪ್ರಶ್ನೆಗೆಲ್ಲ ಉತ್ತರಿಸುತ್ತಿದ್ದರು. ಜುಲೈ 31ರಂದು ಸ್ಪರ್ಧೆಯಿಂದ ಹಿಂದೆ ಸರಿದರು. ಜೋಡಿ ಬಾಳಿದ್ದು 18 ದಿನ.

ಈಗಲ್‌ಟನ್ ಫೋನಿನಲ್ಲಿ ಮುಚ್ಚಿಟ್ಟದ್ದು ತಪ್ಪೇ. ಮಾನಸಿಕ ಕಾಯಿಲೆಯೆಂದರೆ ಬದುಕೇ ಮುಗಿಯಿತು ಎನ್ನುತ್ತಿದ್ದ ಕಾಲ ಅದು. ಹೇಳಿದ್ದರೆ ಆಯ್ಕೆಯಾಗುತ್ತಲೇ ಇರಲಿಲ್ಲ. ಆದರೆ ಮತದಾರರಿಗೆ ಹೆಚ್ಚು ನೆನಪುಳಿದದ್ದು ಕಾಯಿಲೆಯಲ್ಲ, ಆ ಶೇಕಡಾ ಸಾವಿರ. ನವೆಂಬರಿನಲ್ಲಿ ಮೆಕ್‌ಗವರ್ನ್ ಗೆದ್ದದ್ದು ಒಂದೇ ರಾಜ್ಯ ಮತ್ತು ರಾಜಧಾನಿ ಪ್ರದೇಶವನ್ನು. ಅವರ ಸ್ವಂತ ದಕ್ಷಿಣ ಡಕೋಟವೂ ಕೈಬಿಟ್ಟಿತು. ಈಗಲ್‌ಟನ್‌ರನ್ನು ಮಿಸೌರಿಯ ಜನ 1974ರಲ್ಲಿ, ಮತ್ತೆ 1980ರಲ್ಲಿ ಸೆನೆಟ್‌ಗೆ ಆರಿಸಿ ಕಳಿಸಿದರು. 1987ರಲ್ಲಿ ಅವರು ನಿವೃತ್ತರಾದರು.

ಆ ಚುನಾವಣೆಯಲ್ಲಿ 49 ರಾಜ್ಯಗಳನ್ನು ಗೆದ್ದ ಜೋಡಿ ಯಾವುದು? ನಿಕ್ಸನ್ ಮತ್ತು ಸ್ಪೈರೊ ಆಗ್ನ್ಯೂ. ಎರಡನೆಯ ಹೆಸರಿನ ಸಂಕಟವನ್ನು ಸ್ವತಃ ಉಂಡಿದ್ದ ನಿಕ್ಸನ್ 1968ರಲ್ಲಿ ಆಗ್ನ್ಯೂ ಅವರನ್ನು ಆರಿಸಿದ್ದರು. ಮೇರಿಲ್ಯಾಂಡಿನ ಗವರ್ನರ್ ಎಂಬುದರ ಹೊರತು ದೇಶಕ್ಕೆ ಅವರ ಪರಿಚಯವೇ ಇರಲಿಲ್ಲ. ಆ ಪ್ರಚಾರದಲ್ಲಿ ಅವರು ಒಂದು ಕೊಳೆಗೇರಿ ನೋಡಿದರೆ ಎಲ್ಲ ಕೊಳೆಗೇರಿಗಳನ್ನೂ ನೋಡಿದಂತೆ ಎಂದರು, ಜನಾಂಗಗಳನ್ನು ಹೀಯಾಳಿಸುವ ಮಾತಾಡಿದರು. ಉಪಾಧ್ಯಕ್ಷ ಆಗ್ನ್ಯೂ ಎಂಬ ಬರಹ ತೋರಿಸಿ ಹಿನ್ನೆಲೆಯಲ್ಲಿ ಬರೀ ನಗು ಕೇಳಿಸುವ ಜಾಹೀರಾತನ್ನು ಎದುರಾಳಿಗಳು ಮಾಡಿದರು. ‘ನ್ಯೂಯಾರ್ಕ್ ಟೈಮ್ಸ್’ ಅವರ ಹಣಕಾಸಿನ ವ್ಯವಹಾರಗಳ ಬಗ್ಗೆ ಪ್ರಶ್ನೆ ಎತ್ತಿದಾಗ, ನಿಕ್ಸನ್ ಅದನ್ನು ಕೀಳು ರಾಜಕೀಯವೆಂದು ಜರಿದರು. ಹದಿನಾರು ವರ್ಷ ಹಿಂದಿನ ತಮ್ಮ ಗಾಯ ಅವರಿಗೆ ನೆನಪಾಗಿರಬೇಕು. ಆಗ್ನ್ಯೂ ನಾಲಿಗೆಯನ್ನು ದೇಶವೆಲ್ಲ ಕಂಡಿತು, ಲಕೋಟೆಗಳನ್ನು ಕಾಣಲಿಲ್ಲ. ಗುತ್ತಿಗೆಗಳಿಗೆ ಪ್ರತಿಯಾಗಿ ನಗದು ತುಂಬಿದ ಲಕೋಟೆಗಳು ಅವರಿಗೆ ಮೇರಿಲ್ಯಾಂಡಿನಲ್ಲಿದ್ದಾಗಲೂ, ಉಪಾಧ್ಯಕ್ಷರಾದ ಮೇಲೂ ಸಲ್ಲುತ್ತಿದ್ದವೆಂದು 1973ರಲ್ಲಿ ತನಿಖಾಧಿಕಾರಿಗಳು ಹೇಳಿದರು.

1973ರ ಸೆಪ್ಟೆಂಬರ್ 29ರಂದು ಆಗ್ನ್ಯೂ ಲಾಸ್ ಏಂಜಲೀಸ್‌ನಲ್ಲಿ ರಿಪಬ್ಲಿಕನ್ ಮಹಿಳೆಯರ ಸಭೆಯ ಮುಂದೆ ನಿಂತರು. ಎಲ್ ಕ್ಯಾಪಿಟನ್ ರಂಗಮಂದಿರದ ಆ ಸಂಜೆ ಕಳೆದು ಇಪ್ಪತ್ತೊಂದು ವರ್ಷವಾಗಿತ್ತು. ದೋಷಾರೋಪ ಹೊರಿಸಿದರೂ ರಾಜೀನಾಮೆ ಕೊಡುವುದಿಲ್ಲ ಎಂದು ಗುಡುಗಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹನ್ನೊಂದನೆಯ ದಿನ, ಅಕ್ಟೋಬರ್ 10ರಂದು, ರಾಜೀನಾಮೆ ಕೊಟ್ಟು ಬಾಲ್ಟಿಮೋರ್‌ನ ನ್ಯಾಯಾಲಯದಲ್ಲಿ ತೆರಿಗೆ ವಂಚನೆಯ ಆರೋಪವನ್ನು ಪ್ರತಿಭಟಿಸುವುದಿಲ್ಲವೆಂದು ಒಪ್ಪಿಕೊಂಡರು. ಹತ್ತು ಸಾವಿರ ಡಾಲರ್ ದಂಡವಾಯಿತು. ಅವರ ಜಾಗಕ್ಕೆ ನಿಕ್ಸನ್ ಹೆಸರಿಸಿದ ಜೆರಾಲ್ಡ್ ಫೋರ್ಡ್ ಅವರನ್ನು ಡಿಸೆಂಬರಿನಲ್ಲಿ ಕಾಂಗ್ರೆಸ್ ಒಪ್ಪಿತು. ಎಂಟು ತಿಂಗಳಲ್ಲಿ ಫೋರ್ಡ್ ಅಧ್ಯಕ್ಷರಾದರು. ಅದುವರೆಗೆ ಅವರ ಹೆಸರಿಗೆ ಮತ ಹಾಕಿದ್ದವರು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಸುತ್ತಲಿನ ಒಂದು ಕ್ಷೇತ್ರದ ಮತದಾರರು ಮಾತ್ರ.